ಮಹಡಿಯ ಮೀನುತೊಟ್ಟಿ, ಮೆಟ್ಟಿಲ ಕೆಳಗಿನ ಸಂಪು

ಬಿನ್ನಿ ಗಿರಣಿಯಿಂದ ಹೆಸರು ಪಡೆದ ನಮ್ಮ ಬಿನ್ನಿಪೇಟೆಯಲ್ಲಿ ಬಹುಪಾಲು ಮನೆಗಳ ಮುಂದೆ ನಿಂತರೆ ಕಾಲ ಕೆಳಗೆ ಒಂದು ಸಂಪು, ತಲೆಯ ಮೇಲೆ ಒಂದು ಟ್ಯಾಂಕು. ನಲ್ಲಿಯಲ್ಲಿ ನೀರು ಬಂದಾಗ ಸಂಪು ತುಂಬುತ್ತದೆ, ಮೋಟಾರು ಹಾಕಿದರೆ ನೀರು ಮೇಲೇರುತ್ತದೆ. ಮೋಟಾರು ಆರಿಸಲು ಮರೆತರೆ ನೀರು ಬೀದಿಗೆ ಸುರಿದು, ಎದುರು ಮನೆಯವರು "ನೀರು ಹೋಗ್ತಾ ಇದೆ ರೀ" ಎಂದು ಕೂಗುತ್ತಾರೆ. ಬೆಂಗಳೂರಿಗೆ ಕಾವೇರಿ ಬರುವುದೂ ಹೀಗೆಯೇ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಎತ್ತರಕ್ಕೆ ಆ ನೀರನ್ನು ಎತ್ತಿ ತರುತ್ತಾರೆ. ನಾನಿಂದು ಹೇಳಲಿರುವುದು ಇದರದೇ ಪುಟ್ಟ ರೂಪ: ಹಜಾರದಲ್ಲೊಂದು ದೊಡ್ಡ ಮೀನುತೊಟ್ಟಿ, ಅದಕ್ಕೆ ದೂರದಲ್ಲೊಂದು ಸಂಪು.

ಮೀನು ವಿಸರ್ಜಿಸುವ ಅಮೋನಿಯಾ ಮೀನಿಗೇ ವಿಷ. ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಸ್ಪಂಜು, ಪಿಂಗಾಣಿ ಉಂಗುರಗಳಂಥ ವಸ್ತುಗಳ ಮೇಲೆ ಬೆಳೆಯುತ್ತವೆ. ಇವನ್ನೆಲ್ಲ ಇಡುವ ಎರಡನೆಯ ತೊಟ್ಟಿಯೇ ಸಂಪು. ಸಾಮಾನ್ಯವಾಗಿ ಅದು ಮೀನುತೊಟ್ಟಿಯ ಸ್ಟ್ಯಾಂಡಿನೊಳಗೇ ಇರುತ್ತದೆ. ಪಂಪಿನ ಗುಂಯ್‌ ಸದ್ದು ಬೇಡ, ತೊಳೆಯುವಾಗ ಹಜಾರ ಒದ್ದೆಯಾಗಬಾರದು ಎನ್ನುವವರು ಅದನ್ನು ಬಚ್ಚಲ ಪಕ್ಕಕ್ಕೋ ಮೆಟ್ಟಿಲ ಕೆಳಕ್ಕೋ ಒಯ್ಯುತ್ತಾರೆ. ಆಗ ಲೆಕ್ಕ ಶುರುವಾಗುತ್ತದೆ.

ಆರು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ ಎಂದುಕೊಳ್ಳೋಣ. 24 ಘನ ಅಡಿ, ಅಂದರೆ ಸುಮಾರು 680 ಲೀಟರ್, ಅಷ್ಟೇ ಕಿಲೋ. 12 ಮಿಲಿಮೀಟರ್ ಗಾಜಿನ ತೂಕ ಇನ್ನು 120 ಕಿಲೋ ಆದೀತು. ಒಟ್ಟು 800 ಕಿಲೋ ಭಾರ ಕೇವಲ 1.1 ಚದರ ಮೀಟರ್ ಜಾಗದ ಮೇಲೆ. ವಾಸದ ಕೋಣೆಯ ನೆಲಕ್ಕೆ ಭಾರತೀಯ ಮಾನಕ 875 ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 200 ಕಿಲೋ. ಹಾಗೆಂದು ತೊಟ್ಟಿ ಇಟ್ಟೊಡನೆ ಮಹಡಿ ಕುಸಿಯುತ್ತದೆಂದಲ್ಲ. ಆದರೆ ಅದನ್ನು ಕೋಣೆಯ ನಡುವೆ ಇಡದೆ, ಭಾರ ಹೊರುವ ಗೋಡೆಗೆ ಒತ್ತಿ, ತೊಲೆಯ ಮೇಲೆ ಬರುವಂತೆ ಇಡಬೇಕು. ಹಳೆಯ ಮನೆಯಾದರೆ ಎಂಜಿನಿಯರನ್ನು ಕರೆಸಿ ತೋರಿಸಬೇಕು.

ಇನ್ನು ದೂರ. ದೂರದಲ್ಲಿ ಎರಡು ಬಗೆ, ಅಡ್ಡದೂರ ಮತ್ತು ಎತ್ತರ. ಗಂಟೆಗೆ 3000 ಲೀಟರ್ ನೀರನ್ನು 4 ಮೀಟರ್ ಎತ್ತಲು ಬೇಕಾದ ಶಕ್ತಿ ಸುಮಾರು 33 ವಾಟ್. ಪಂಪು ತಾನು ತಿಂದ ವಿದ್ಯುತ್ತಿನ ಮೂರನೇ ಒಂದು ಪಾಲನ್ನಷ್ಟೇ ನೀರಿಗೆ ಕೊಟ್ಟರೆ 100 ವಾಟ್ ಆಯಿತು. ದಿನವಿಡೀ ಓಡುವ ಯಂತ್ರ. ತಿಂಗಳಿಗೆ 72 ಯೂನಿಟ್! ಅದೇ ಸಂಪು ಅದೇ ಅಂತಸ್ತಿನ ಪಕ್ಕದ ಕೋಣೆಯಲ್ಲಿದ್ದು ಎತ್ತರ ಒಂದೇ ಮೀಟರ್ ಆದರೆ ಖರ್ಚು ಹೆಚ್ಚುಕಡಿಮೆ ಕಾಲು ಭಾಗ. ಅಡ್ಡದೂರಕ್ಕೆ ತೆರುವುದು ಪೈಪಿನ ಘರ್ಷಣೆಯನ್ನು ಮಾತ್ರ. 10 ಮೀಟರ್ ಉದ್ದದ 25 ಮಿಲಿಮೀಟರ್ ಪೈಪಿನಲ್ಲಿ ಈ ಹರಿವಿಗೆ ಒಂದೂಕಾಲು ಮೀಟರಿಗೂ ಹೆಚ್ಚು ಎತ್ತರ ಏರಿದಷ್ಟು ನಷ್ಟ. 40 ಮಿಲಿಮೀಟರ್ ಪೈಪು ಹಾಕಿದರೆ ಅದು ಸುಮಾರು ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಪೈಪಿಗೆ ಒಮ್ಮೆ ಹೆಚ್ಚು ದುಡ್ಡು ಹಾಕುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ. ಪಂಪಿನ ಡಬ್ಬದ ಮೇಲಿನ ದೊಡ್ಡ ಅಂಕಿಯನ್ನು ನಂಬಬೇಡಿ, ಅದು ಎತ್ತರವೇ ಇಲ್ಲದಾಗಿನ ಹರಿವು. ನಿಮ್ಮ ಎತ್ತರಕ್ಕೆ ಎಷ್ಟು ಎಂಬುದು ಜೊತೆಗಿರುವ ನಕ್ಷೆಯಲ್ಲಿರುತ್ತದೆ.

ನಾನೂ ಒಮ್ಮೆ ಲೆಕ್ಕ ಮಾಡದೆ ಕೆಟ್ಟವನೇ. ತೊಟ್ಟಿ ಮೊದಲ ಮಹಡಿಯಲ್ಲಿ, ಸಂಪು ಕೆಳಗೆ ಮೆಟ್ಟಿಲ ಸಂದಿಯಲ್ಲಿ. ಒಂದು ರಾತ್ರಿ ಕರೆಂಟು ಹೋಯಿತು. ಪಂಪು ನಿಂತಿತು, ನೀರು ನಿಲ್ಲಲಿಲ್ಲ. ಮೇಲಕ್ಕೆ ನೀರು ತರುತ್ತಿದ್ದ ಪೈಪಿನ ಬಾಯಿ ತೊಟ್ಟಿಯ ನೀರಿನೊಳಗೆ ಮುಳುಗಿತ್ತು. ಅದೇ ಪೈಪು ಸೈಫನ್ ಆಗಿ ನೀರನ್ನು ಕೆಳಕ್ಕೆ ಸೆಳೆಯಿತು. ಬೆಳಿಗ್ಗೆ ಕೆಳಗಿನ ಮನೆಯ ನೆಲವೆಲ್ಲ ನೀರು. ಆ ಮನೆಯ ಹುಡುಗಿಯ ಎಸ್ಸೆಸ್ಸೆಲ್ಸಿ ನೋಟ್ಸು ಚಾಪೆಯ ಪಕ್ಕದಲ್ಲಿದ್ದವು. ಎರಡು ದಿನ ಕೂತು ಹಾಳೆಹಾಳೆಯಾಗಿ ಇಸ್ತ್ರಿಪೆಟ್ಟಿಗೆಯಲ್ಲಿ ಒಣಗಿಸಿದೆವು. ಆಕೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಲೆಕ್ಕ ಕಷ್ಟದ್ದೇನಲ್ಲ. ನಮ್ಮ ತೊಟ್ಟಿಯ ಮೇಲ್ಮೈ 12 ಚದರ ಅಡಿ, ಹಾಗಾಗಿ ಒಂದಂಗುಲ ನೀರೆಂದರೆ ಒಂದು ಘನ ಅಡಿ, 28 ಲೀಟರ್. ಪೈಪಿನ ಬಾಯಿ ಮೂರಂಗುಲ ಮುಳುಗಿದ್ದರೆ 85 ಲೀಟರ್ ಇಳಿದು ಬರುತ್ತದೆ, ಪೈಪುಗಳಲ್ಲಿರುವ ನೀರು ಬೇರೆ. ಸಂಪಿನಲ್ಲಿ 100 ಲೀಟರಿನ ಜಾಗ ಸದಾ ಖಾಲಿ ಇರಲೇಬೇಕು. ಪೈಪಿನ ಬಾಯಿಯನ್ನು ನೀರಿನ ಮಟ್ಟದ ಸಮೀಪಕ್ಕೆ ಎತ್ತಿದರೆ ಇದು ಕಡಿಮೆಯಾಗುತ್ತದೆ. ನೀರಿನ ಮಟ್ಟದ ತುಸು ಕೆಳಗೆ ಪೈಪಿಗೆ ಒಂದು ಸಣ್ಣ ತೂತು ಕೊರೆದರೆ ಗಾಳಿ ಹೊಕ್ಕು ಸೈಫನ್ ಮುರಿಯುತ್ತದೆ, ಪಾಚಿ ಕಟ್ಟದಂತೆ ಅದನ್ನು ಆಗಾಗ ಚುಚ್ಚುತ್ತಿರಬೇಕು. ಹಿಂದಕ್ಕೆ ನೀರು ಬಿಡದ ವಾಲ್ವು ಸಿಗುತ್ತದೆ, ನಿಜ. ಆದರೆ ಒಂದು ಮರಳಿನ ಕಾಳು ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚದು. ಅದನ್ನೇ ನಂಬಿ ಮಲಗಬಾರದು.

ಇದಕ್ಕೆ ತಿರುಗುಮುರುಗಾದ ಅಪಾಯವೂ ಉಂಟು. ಇಳಿಯುವ ಪೈಪಿಗೆ ಎಲೆಯೋ ಸತ್ತ ಮೀನೋ ಅಡ್ಡವಾದರೆ ಪಂಪು ಸಂಪಿನ ನೀರನ್ನೆಲ್ಲ ಮೇಲೆ ಸುರಿಯುತ್ತದೆ. ತೊಟ್ಟಿಯ ಅಂಚಿನಲ್ಲಿ ಎರಡಂಗುಲ ಖಾಲಿ ಇದ್ದರೆ ಹಿಡಿಯುವುದು 56 ಲೀಟರ್. ಆದ್ದರಿಂದ ಸಂಪಿನಲ್ಲಿ ಅಡ್ಡಗಾಜು ಹಾಕಿ, ಪಂಪು ಇರುವ ಖಾನೆಯಲ್ಲಿ 50 ಲೀಟರಿಗಿಂತ ಹೆಚ್ಚು ನೀರು ಇರದಂತೆ ಮಾಡಬೇಕು. ಜೊತೆಗೆ ಇಳಿಯುವ ಪೈಪುಗಳು ಎರಡಿರಲಿ, ಒಂದೊಂದೂ ಪೂರ್ತಿ ಹರಿವನ್ನು ಹೊರುವಷ್ಟು ದಪ್ಪವಾಗಿರಲಿ. ದಾರಿಯುದ್ದಕ್ಕೂ ಇಳಿಜಾರು ಇರಬೇಕು. ನಡುವೆ ಎಲ್ಲಾದರೂ ಪೈಪು ಮೇಲೆದ್ದರೆ ಗಾಳಿ ಕಟ್ಟಿ ರಾತ್ರಿಯಿಡೀ ಗುಳುಗುಳು.

ಪೈಪು ಪಿವಿಸಿಯದ್ದೇ ಇರಲಿ. ತಾಮ್ರವೂ ಸತುವೂ ನೀರಿನಲ್ಲಿ ಕರಗಿದರೆ ಮೀನಿಗೆ ಕೇಡು, ಹಾಗಾಗಿ ಹಿತ್ತಾಳೆ ನಲ್ಲಿ, ಜಿ.ಐ. ಪೈಪು ಬೇಡ. ನಲ್ಲಿ ನೀರಿನ ಕ್ಲೋರಿನ್ ಹೋಗಲು ಒಂದು ದಿನ ಗಾಳಿ ಹಾಯಿಸಿ ಇಡಬೇಕು. ಕರೆಂಟು ಗಂಟೆಗಟ್ಟಲೆ ಹೋಗುವ ಮನೆಯಲ್ಲಿ ಬ್ಯಾಟರಿಯಿಂದ ಓಡುವ ಗಾಳಿಪಂಪು ತೊಟ್ಟಿಯಲ್ಲೇ ಇರಲಿ. ಮೀನು ಮೊದಲು ಸಾಯುವುದು ಆಮ್ಲಜನಕವಿಲ್ಲದೆ.

ಎಲ್ಲ ಜೋಡಿಸಿದ ಮೇಲೆ, ಮೀನು ಬಿಡುವ ಮೊದಲು, ಹಗಲಿನಲ್ಲಿ ನೀವೇ ಸ್ವಿಚ್ ಆರಿಸಿ ಹತ್ತಿರ ನಿಂತು ನೋಡಿ. ನೀರು ಇಳಿಯುವುದು ಪೂರ್ತಿ ನಿಂತಾಗಲೂ ಸಂಪಿನ ಅಂಚಿಗೆ ಎರಡಂಗುಲ ಉಳಿಯಬೇಕು. ಉಳಿಯದಿದ್ದರೆ ಅಷ್ಟು ನೀರು ತೆಗೆಯಿರಿ. ಮತ್ತೆ ಪಂಪು ಹಾಕಿ, ಓಡುತ್ತಿರುವಾಗ ಸಂಪಿನಲ್ಲಿ ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ ಗಾಜಿನ ಮೇಲೆ ಬಣ್ಣದಿಂದ ಒಂದು ಗೆರೆ ಎಳೆಯಿರಿ. ಮನೆಯಲ್ಲಿ ನೀರು ತುಂಬುವವರಿಗೆಲ್ಲ ಆ ಗೆರೆಯನ್ನು ತೋರಿಸಿಡಿ.