ಮಗುವಿನ ಭಾಷೆಯನ್ನು ಮೊದಲು ಕಲಿತ ಪರದೇಶಿ ಮಾಸ್ತರರು

(ಗಡಿನಾಡಿನ ಕನ್ನಡ ಶಾಲೆಯೊಂದರ ರಕ್ಷಕರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಹುಟ್ಟೂರು ಬಿಟ್ಟು ಪರದೇಶದ ಶಾಲೆಯಲ್ಲಿ ಪಾಠ ಹೇಳುವ ಕ್ರೈಸ್ತ ಶಿಕ್ಷಕನ ದಿನಚರಿ ಹೇಗಿರುತ್ತದೆ ಎಂಬುದು ಇಂದು ನಾನು ಆರಿಸಿಕೊಂಡ ವಿಷಯ. ಪರದೇಶ ಎಂದೊಡನೆ ನಿಮಗೆ ಕೊಲ್ಲಿ ರಾಷ್ಟ್ರಗಳು ನೆನಪಾಗಬಹುದು. ನಾನು ಹೇಳಹೊರಟಿರುವುದು, ನಮ್ಮ ಊರುಗಳೇ ಯಾರಿಗೆ ಪರದೇಶವಾಗಿದ್ದವೋ ಅಂಥವರ ವಿಚಾರ. ನೂರೆಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಜರ್ಮನಿಯ ಕಡೆಯಿಂದ ನಮ್ಮ ಕರಾವಳಿಗೆ ಬಂದ ಮಾಸ್ತರರ ವಿಚಾರ ಅದು. ಈ ಹಳೆಯ ಕತೆ ಈಗೇಕೆ ಎಂದು ನೀವು ಕೇಳಬಹುದು. ಇಂದು ನಮ್ಮ ಮಕ್ಕಳ ತರಗತಿಯಲ್ಲಿ ಎದ್ದಿರುವ ಒಂದು ಪ್ರಶ್ನೆಗೆ ಅದರಲ್ಲಿ ಉತ್ತರವಿದೆ, ಅದಕ್ಕಾಗಿ.

ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದ ಮಿಷನ್ ಸಂಸ್ಥೆ 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳುಹಿಸಿತು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದರು. 1853ರಲ್ಲಿ ಫರ್ಡಿನೆಂಡ್ ಕಿಟ್ಟೆಲ್ ಬಂದರು. ಆಗ ಸುಯೆಜ್ ಕಾಲುವೆ ಇರಲಿಲ್ಲ. ಅದು ತೆರೆದದ್ದು 1869ರಲ್ಲಿ. ಊರಿಗೆ ಕಾಗದ ಬರೆದರೆ ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಮಳೆ, ಸೆಖೆ, ಜ್ವರ ಎಲ್ಲವೂ ಅವರಿಗೆ ಹೊಸತು. ಬೈಬಲಿನ ಕನ್ನಡ ಅನುವಾದವನ್ನು ತಿದ್ದುವುದರಲ್ಲಿ ದುಡಿದ ವೈಗ್ಲೆ ಎಂಬವರು ನಲವತ್ತು ತುಂಬುವ ಮೊದಲೇ, 1855ರಲ್ಲಿ ತೀರಿಕೊಂಡರು.

ಇಂಥ ಪರದೇಶಿ ಮಾಸ್ತರನ ಮೊದಲ ಕೆಲಸ ಪಾಠ ಹೇಳುವುದಾಗಿರಲಿಲ್ಲ, ಪಾಠ ಹೇಳಿಸಿಕೊಳ್ಳುವುದಾಗಿತ್ತು. ಒಬ್ಬ ಮುನ್ಷಿಯ ಮುಂದೆ ಕುಳಿತು ಅ ಆ ಇ ಈ ತಿದ್ದಬೇಕು. ನಮ್ಮ ಟ ಠ ಡ ಢ ಣ, ನಮ್ಮ ಳಕಾರ ಜರ್ಮನ್ ನಾಲಿಗೆಗೆ ಸಿಗುವ ಅಕ್ಷರಗಳಲ್ಲ. ಒಂದನೆಯ ತರಗತಿಯ ನಿಮ್ಮ ಮಗು ಪಡುವ ಪಾಡನ್ನು ಗಡ್ಡ ಬಂದ ಗಂಡಸರು ಪಟ್ಟರು. ಅದೂ ಒಂದೇ ಭಾಷೆಯಲ್ಲಿ ಮುಗಿಯಲಿಲ್ಲ. ಮಂಗಳೂರಿನಲ್ಲಿ ಶಾಲೆಗೆ, ಕಚೇರಿಗೆ ಕನ್ನಡ. ಮನೆಯಲ್ಲಿ, ಗದ್ದೆಯಲ್ಲಿ ತುಳು. ಆದುದರಿಂದ ತುಳುವನ್ನೂ ಕಲಿತರು. 1872ರಲ್ಲಿ ಬ್ರಿಗೆಲ್ ಎಂಬವರ ತುಳು ವ್ಯಾಕರಣ, 1886ರಲ್ಲಿ ಮ್ಯಾನರ್ ಎಂಬವರ ತುಳು ನಿಘಂಟು ಹೊರಬಂದವು. ಮನೆಯಲ್ಲಿ ತುಳು, ಕೊಂಕಣಿ, ಬಡಗ, ಮರಾಠಿ, ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಓದುವ ಮಕ್ಕಳ ತಂದೆತಾಯಂದಿರು ಇಲ್ಲಿ ಅನೇಕರಿದ್ದೀರಿ. ಮನೆಮಾತನ್ನು ಹೀಗಳೆಯದೆ ಕನ್ನಡ ಕಲಿಸುವ ಕ್ರಮ ನಮ್ಮಲ್ಲಿ ಇಂದು ನಿನ್ನೆಯದಲ್ಲ ಎಂಬುದನ್ನು ನೀವು ಗಮನಿಸಬೇಕು.

ಇನ್ನು ಶಾಲೆಯ ದಿನಚರಿ. ಮೋಗ್ಲಿಂಗರು ಮಂಗಳೂರಿನ ಬಲ್ಮಠದಲ್ಲಿ ಹುಡುಗರೊಡನೆ ಒಂದೇ ಸೂರಿನಡಿ ಬದುಕಬೇಕೆಂದು ಹಟ ಹಿಡಿದವರು. ಬಿಳಿಯನ ಬಂಗಲೆ ಬೇರೆ, ಶಿಷ್ಯರ ಬಿಡಾರ ಬೇರೆ ಎಂಬುದು ಅವರಿಗೆ ಒಗ್ಗಲಿಲ್ಲ. ಅಂದಿನ ದೊಡ್ಡ ಕೊರತೆ ಎಂದರೆ ಪುಸ್ತಕ. ಐಗಳ ಮಠಗಳಲ್ಲಿ ಮಕ್ಕಳು ಮರಳ ಮೇಲೆ ತಿದ್ದುತ್ತಿದ್ದರು, ಓಲೆಗರಿ ಓದುತ್ತಿದ್ದರು. ಮುದ್ರಿತ ಕನ್ನಡ ಪಠ್ಯಪುಸ್ತಕಗಳು ಬಹಳ ಕಡಿಮೆ. ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಮುಂದೆ ಅದೇ ಮುದ್ರಣಾಲಯದಿಂದ ಬಂದ ಪಠ್ಯಪುಸ್ತಕಗಳನ್ನು ನಮ್ಮ ಅಜ್ಜಂದಿರ ಕಾಲದವರು ಓದಿದರು. 1843ರ ಜುಲೈ 1ರಂದು ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಅದು ಕನ್ನಡದ ಮೊದಲ ಪತ್ರಿಕೆ. ಊರ ವರ್ತಮಾನ, ಸರಕಾರದ ನಿರೂಪ, ಕತೆ, ಗಾದೆ ಎಲ್ಲವನ್ನೂ ಜನರ ಭಾಷೆಯಲ್ಲಿ ಅಚ್ಚು ಹಾಕಿದರು. ಮರುವರ್ಷ ಅದು ‘ಕನ್ನಡ ಸಮಾಚಾರ’ವೆಂಬ ಹೆಸರಿನಲ್ಲಿ ಬಳ್ಳಾರಿಯಿಂದ ಹೊರಟಿತು.

1848ರಿಂದ 1853ರವರೆಗೆ ಮೋಗ್ಲಿಂಗರು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದುವನ್ನು ಮುದ್ರಿಸಿದರು. ಒಬ್ಬ ಕ್ರೈಸ್ತ ಪಾದ್ರಿ, ವೈಷ್ಣವರ ಹಾಡುಗಳನ್ನೂ ಶರಣರ ಪುರಾಣವನ್ನೂ ತಾಳೆಗರಿಯಿಂದ ಕಾಗದಕ್ಕೆ ಇಳಿಸಿದ್ದು ಸಣ್ಣ ಸಂಗತಿಯಲ್ಲ. ಇದಕ್ಕೆ ಹಣ ಕೊಟ್ಟವರು ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ಅವರು ನೆಲೆಸಿದ್ದು ನೀಲಗಿರಿಯ ಕೇತಿಯಲ್ಲಿ. ಬಡಗರ ಮಕ್ಕಳ ವಿದ್ಯೆಗಾಗಿ ದುಡಿದು, ತಮ್ಮ ಅಲ್ಲಿನ ಆಸ್ತಿಯನ್ನು ಮಿಷನ್ನಿಗೆ ಬಿಟ್ಟುಹೋದರು. ನೀಲಗಿರಿಯ ಬಂಧುಗಳು ಇದನ್ನು ತಮ್ಮ ಮಕ್ಕಳಿಗೆ ಹೇಳಬೇಕು.

ಕಿಟ್ಟೆಲರ ಹೆಸರು ನಿಮಗೆಲ್ಲ ಗೊತ್ತು. ಹುಬ್ಬಳ್ಳಿ ಧಾರವಾಡ, ಮಡಿಕೇರಿ, ಮಂಗಳೂರು ಹೀಗೆ ಊರೂರು ಸುತ್ತುತ್ತ, ಕಂಡವರಲ್ಲಿ ಪದ ಕೇಳುತ್ತ, ಗಾದೆ ಬರೆದುಕೊಳ್ಳುತ್ತ ಅವರು ದಶಕಗಳನ್ನು ಕಳೆದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು. ಸುಮಾರು 70,000 ಪದಗಳ ಕನ್ನಡ ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಆಗ ಅವರಿಗೆ ಅರವತ್ತೆರಡು ವರ್ಷ. ಪಂಡಿತರ ಪದ ಮಾತ್ರವಲ್ಲ, ರೈತರ, ಹೆಂಗಸರ, ಸಂತೆಯವರ ಪದಗಳೂ ಅದರಲ್ಲಿವೆ.

ಸತ್ಯವನ್ನು ಮುಚ್ಚಿಡಬಾರದು. ಇವರು ಬಂದದ್ದು ಮತಪ್ರಚಾರಕ್ಕೆ. 1844ರಲ್ಲಿ ಮೋಗ್ಲಿಂಗರ ಶಾಲೆಯ ಆನಂದರಾವ್ ಕೌಂಡಿನ್ಯ ಮೊದಲಾದ ಯುವಕರು ಮತಾಂತರಗೊಂಡಾಗ ಊರಿನಲ್ಲಿ ದೊಡ್ಡ ಕೋಲಾಹಲವೇ ಆಯಿತು. ತಂದೆತಾಯಂದಿರ ಆ ಸಂಕಟ ಸುಳ್ಳಲ್ಲ. ಅವರ ಧರ್ಮವನ್ನು ಒಪ್ಪುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನಾನು ನಿಮ್ಮ ಮುಂದಿಡುವುದು ಅವರ ಬೋಧನಾ ಕ್ರಮವನ್ನು ಮಾತ್ರ. ಕಲಿಸುವವನು ಕಲಿಯುವವನ ಭಾಷೆಗೆ ಇಳಿದು ಬರಬೇಕು. ಮಗು ಮಾಸ್ತರನ ಭಾಷೆಗೆ ಏರಿ ಹೋಗಬೇಕೆಂದು ಕಾಯಬಾರದು. ಇದೇ ಆ ಕ್ರಮ.

ಇನ್ನೊಂದು ಮಾತು. ಇದೇ ಬಾಸೆಲ್ ಮಿಷನ್ನಿನ ಗುಂಡರ್ಟ್ ತಲಶ್ಶೇರಿಯಲ್ಲಿದ್ದರು. ಅವರ ಮಲೆಯಾಳ ನಿಘಂಟು ಬಂದದ್ದು 1872ರಲ್ಲಿ. ಅವರು ಮೋಗ್ಲಿಂಗರ ಗೆಳೆಯರು. ತಲಶ್ಶೇರಿಯ ಮಗುವಿಗೆ ಮಲೆಯಾಳ, ಮಂಗಳೂರಿನ ಮಗುವಿಗೆ ಕನ್ನಡ. ಎರಡು ಊರಿಗೂ ಒಂದೇ ಭಾಷೆ ಸಾಕು, ಖರ್ಚು ಉಳಿಯುತ್ತದೆ ಎಂದು ಅವರು ಲೆಕ್ಕ ಹಾಕಲಿಲ್ಲ. ಮಲೆಯಾಳಕ್ಕೆ ಕನ್ನಡ ಶತ್ರುವಲ್ಲ, ಕನ್ನಡಕ್ಕೆ ಮಲೆಯಾಳವಾಗಲಿ ತಮಿಳಾಗಲಿ ಮರಾಠಿಯಾಗಲಿ ತೆಲುಗಾಗಲಿ ಶತ್ರುವಲ್ಲ. ನಾವಿರುವ ರಾಜ್ಯದ ಭಾಷೆಯನ್ನು ನಮ್ಮ ಮಕ್ಕಳು ಚೆನ್ನಾಗಿ ಕಲಿಯಲೇಬೇಕು. ಆದರೆ ಗಣಿತದ ಭಾಗಾಕಾರವನ್ನೂ ವಿಜ್ಞಾನದ ಪಾಠವನ್ನೂ ತಿಳಿಯದ ಭಾಷೆಯಲ್ಲಿ ಕೇಳಿಸಿಕೊಂಡರೆ ಎರಡೂ ತಲೆಗೆ ಹತ್ತುವುದಿಲ್ಲ.

ಈಗ ನಮ್ಮ ಕಾಲಕ್ಕೆ ಬರೋಣ. ಗಡಿನಾಡಿನ ಕೆಲವು ಕನ್ನಡ ಶಾಲೆಗಳಿಗೆ ಕನ್ನಡವೇ ಬಾರದ ಅಧ್ಯಾಪಕರು ನೇಮಕಗೊಂಡು ಬಂದದ್ದನ್ನು ನೀವು ಬಲ್ಲಿರಿ. ಆ ಅಧ್ಯಾಪಕರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ಸಂಸಾರವಂದಿಗರು, ಆದೇಶ ಬಂದ ಕಡೆಗೆ ಬಂದವರು. ಆದರೆ ಕರಿಹಲಗೆಯ ಮುಂದೆ ನಿಂತವರ ಮಾತು ಮಗುವಿಗೆ ತಿಳಿಯದು, ಮಗುವಿನ ಸಂದೇಹ ಅವರಿಗೆ ತಿಳಿಯದು. ಕೇಳಿದ್ದಕ್ಕೆ ಉತ್ತರ ಸಿಗದ ಮಗು ಕೇಳುವುದನ್ನೇ ಬಿಡುತ್ತದೆ. ಹೀಗೆ ಕಳೆದ ಒಂದು ವರ್ಷವನ್ನು ಯಾವ ಟ್ಯೂಷನ್ನೂ ಮರಳಿ ತಂದುಕೊಡದು. ಏಳು ಸಮುದ್ರ ದಾಟಿ ಬಂದವರು ಕಲಿತ ಭಾಷೆಯನ್ನು ನೆರೆ ತಾಲೂಕಿನಿಂದ ಬರುವವರು ಕಲಿತಿರಬೇಕೆಂದು ಕೇಳುವುದು ಅತಿಯಾಸೆಯೇ?

ಕಾನೂನು ನಮ್ಮ ಪರವಾಗಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗಲೇ, ನಮ್ಮಂಥ ಗಡಿಯವರನ್ನು ನೆನೆದು ಅದನ್ನು ಸೇರಿಸಲಾಯಿತು. 350ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಪ್ರಕರಣವೂ ಬೋಧನಾ ಮಾಧ್ಯಮ ಸಾಧ್ಯವಿದ್ದಷ್ಟು ಮಗುವಿನ ಮಾತೃಭಾಷೆಯಾಗಿರಬೇಕು ಎನ್ನುತ್ತದೆ. ಕೇಳುವವರಿಲ್ಲದಿದ್ದರೆ ಕಾನೂನು ಕಾಗದದಲ್ಲೇ ಉಳಿಯುತ್ತದೆ.

ಆದುದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಜೂನ್ ತಿಂಗಳ ಮೊದಲ ರಕ್ಷಕ ಸಭೆಗೆ ತಪ್ಪದೆ ಬನ್ನಿ. ಮುಖ್ಯೋಪಾಧ್ಯಾಯರಲ್ಲಿ ಮೂರು ಪ್ರಶ್ನೆ ಕೇಳಿ. ನನ್ನ ಮಗುವಿಗೆ ಪಾಠ ಹೇಳುವವರು ಕನ್ನಡ ಓದಿ, ಬರೆದು, ಮಾತನಾಡಬಲ್ಲರೇ? ಎಲ್ಲ ವಿಷಯಗಳ ಕನ್ನಡ ಪುಸ್ತಕಗಳು ಬಂದಿವೆಯೇ? ಪರೀಕ್ಷೆಯ ಪ್ರಶ್ನಪತ್ರಿಕೆ ಮಗುವಿಗೆ ತಿಳಿಯುವ ಕನ್ನಡದಲ್ಲಿ ಇರುತ್ತದೆಯೇ? ಉತ್ತರ ಸರಿಯಿಲ್ಲದಿದ್ದರೆ ರಕ್ಷಕ ಶಿಕ್ಷಕ ಸಂಘದಿಂದ ಠರಾವು ಮಾಡಿ, ಶಿಕ್ಷಣಾಧಿಕಾರಿಗಳಿಗೆ ಲಿಖಿತ ಮನವಿ ಕೊಡಿ. ಪ್ರತಿಗೆ ರಶೀದಿ ಪಡೆಯಿರಿ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ.

ಕೊನೆಯದಾಗಿ ಒಂದು ಕಹಿ ಮಾತು. ಮಂಗಳೂರಿನ ಅಂದಿನ ತಂದೆತಾಯಂದಿರೂ ಸರಕಾರಿ ಹುದ್ದೆಗಾಗಿ ಇಂಗ್ಲಿಷ್ ಬೇಕೆಂದರು. ಮಿಷನ್ನಿನವರು ಅದನ್ನೂ ಕಲಿಸಿದರು, ಆದರೆ ಅದಕ್ಕಾಗಿ ಕನ್ನಡವನ್ನು ಕೈಬಿಡಲಿಲ್ಲ. ನಮ್ಮ ಶಾಲೆಯಲ್ಲೂ ಇಂಗ್ಲಿಷನ್ನು ಚೆನ್ನಾಗಿ ಕಲಿಸಿರೆಂದು ನಮ್ಮನ್ನು ಒತ್ತಾಯಿಸಿ. ಅದು ನಿಮ್ಮ ಹಕ್ಕು. ಆದರೆ ಕನ್ನಡ ಉಳಿಯಬೇಕೆಂದು ವೇದಿಕೆಯಲ್ಲಿ ಹೇಳಿ, ಮರುದಿನ ಮಗುವನ್ನು ಬೇರೆ ಶಾಲೆಯ ವ್ಯಾನಿಗೆ ಹತ್ತಿಸಿದರೆ, ಒಂದನೆಯ ತರಗತಿಯಲ್ಲಿ ಬೆಂಚು ಖಾಲಿಯಾಗುತ್ತದೆ. ಮಕ್ಕಳಿಲ್ಲವೆಂದು ಅಧ್ಯಾಪಕರ ಹುದ್ದೆಯೂ ಹೋಗುತ್ತದೆ. ಆಮೇಲೆ ಯಾವ ವಿಧಿಯನ್ನು ತೋರಿಸಿ ಯಾರನ್ನು ಕೇಳೋಣ? ಈ ಸಲದ ದಾಖಲಾತಿಗೆ ನಿಮ್ಮ ಮಗುವಿನೊಡನೆ ನೆರೆಮನೆಯ ಒಂದು ಮಗುವನ್ನೂ ಕರೆತನ್ನಿ.