ಚಿಕ್ಕಪ್ಪನ ಕಾಯಿಲೆ ಮತ್ತು ಮನೆತನದ ಲೆಕ್ಕ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಇಂಜಿನಿಯರ್ ಅಂದಮೇಲೆ ಕಂಪ್ಯೂಟರ್ ವಿಷಯ ಹೇಳುತ್ತಾನೆ ಎಂದುಕೊಂಡಿರುತ್ತೀರಿ. ನಾನು ಸ್ಕಿಜೋಫ್ರೇನಿಯಾ ಎಂಬ ಮನೋರೋಗದ ಬಗ್ಗೆ ಮಾತಾಡುತ್ತೇನೆ. ನಾನು ವೈದ್ಯನಲ್ಲ. ನಮ್ಮ ಚಿಕ್ಕಪ್ಪನಿಗೆ ಈ ಕಾಯಿಲೆ ಇರುವುದು ನಿಮಗೆಲ್ಲ ಗೊತ್ತು. ಅದೇ ಕಾರಣಕ್ಕೆ ನನ್ನ ಅಕ್ಕನಿಗೆ ಬಂದ ಎರಡು ಸಂಬಂಧ ಮುರಿದವು. ಅಂದಿನಿಂದ ಇದರ ಬಗ್ಗೆ ಓದುತ್ತಾ ಬಂದಿದ್ದೇನೆ.

ಯಾರೂ ಇಲ್ಲದಿದ್ದರೂ ದನಿ ಕೇಳಿಸುವುದು, ಎಲ್ಲರ ಮೇಲೂ ಸಂಶಯ ಬರುವುದು ಇದರ ಲಕ್ಷಣ. ಸಾಮಾನ್ಯವಾಗಿ ನೂರರಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ. ತಂದೆಗೋ ತಾಯಿಗೋ ಇದ್ದರೆ ಮಕ್ಕಳಲ್ಲಿ ನೂರಕ್ಕೆ ಸುಮಾರು 10. ಅಣ್ಣತಮ್ಮಂದಿರ ಮಕ್ಕಳಿಗಾದರೆ ಮೂರೋ ನಾಲ್ಕೋ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಕೂಡ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರುವುದು ಹೆಚ್ಚೆಂದರೆ ಅರ್ಧದಷ್ಟು ಸಲ. 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ವಂಶವಾಹಿಗಳಲ್ಲಿ ಇದಕ್ಕೆ ಸಂಬಂಧಿಸಿದ 287 ಜಾಗಗಳನ್ನು ಗುರುತಿಸಿತು. ಅಲ್ಲಿ ಸಿಗುವ ಸಾಮಾನ್ಯ ವ್ಯತ್ಯಾಸಗಳಲ್ಲಿ ಒಂದೊಂದರ ಪಾಲೂ ಚಿಟಿಕೆಯಷ್ಟೇ. ಜಾತಕದಲ್ಲಿ 36 ಗುಣ ಎಣಿಸುವ ನಾವು ಈ ಲೆಕ್ಕವನ್ನು ಮಾತ್ರ ಎಣಿಸುವುದಿಲ್ಲ!

ಇನ್ನು ಗಾಂಜಾ. "ಸೇದಿ ಸೇದಿ ತಲೆ ಕೆಡಿಸಿಕೊಂಡ" ಎಂದು ಚಿಕ್ಕಪ್ಪನ ಬಗ್ಗೆ ಕಟ್ಟೆಯ ಮೇಲೆ ಮಾತಾಡುತ್ತಿದ್ದರು. ಅದು ಅರ್ಧ ನಿಜ. ಸ್ವೀಡನ್ನಿನಲ್ಲಿ 1969-70ರಲ್ಲಿ ಸೇನೆಗೆ ಕರೆಬಂದ ಸುಮಾರು 45 ಸಾವಿರ ಯುವಕರನ್ನು 15 ವರ್ಷ ಗಮನಿಸಿದರು. 50ಕ್ಕಿಂತ ಹೆಚ್ಚು ಸಲ ಗಾಂಜಾ ಸೇದಿದವರಲ್ಲಿ ಈ ಕಾಯಿಲೆ ಆರು ಪಟ್ಟು ಇತ್ತು. ಆದರೆ ಅವರಲ್ಲೂ ಬಹುಪಾಲು ಜನಕ್ಕೆ ಬರಲಿಲ್ಲ. ಕಾಯಿಲೆಯ ಕಡೆಗೆ ಎಳೆಯುವ ಕೆಲವು ಜೀನುಗಳೇ ಚಟದ ಕಡೆಗೂ ಎಳೆಯುತ್ತವೆ ಎಂದು ನಂತರದ ಅಧ್ಯಯನಗಳು ತೋರಿಸಿವೆ. ಹಾಗಾಗಿ ಯಾವುದು ಮೊದಲು ಎಂದು ಜಗಳವಾಡುವುದರಲ್ಲಿ ಅರ್ಥವಿಲ್ಲ. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ಆ ಮನೆಯ ಹುಡುಗರು ಗಾಂಜಾ ಮುಟ್ಟಲೇಬಾರದು. ಹಿಂದೆ ನಿಂತಿರುವ ಹತ್ತನೇ ಕ್ಲಾಸಿನವರೇ, ಕೇಳಿಸಿತೇ?

ವ್ಯಸನಮುಕ್ತಿ ಕೇಂದ್ರವೊಂದರಲ್ಲಿ "ಇದು ಮೆಂಟಲ್ ಕೇಸು" ಎಂದು ಚಿಕ್ಕಪ್ಪನನ್ನು ವಾಪಸ್ ಕಳಿಸಿದರು. ಇನ್ನೊಂದು ಕಡೆ "ಮೊದಲು ಚಟ ಬಿಡಿಸಿ" ಎಂದರು. ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಕೊಡುವ ವೈದ್ಯರು ಸಿಕ್ಕಮೇಲೆ ಚೇತರಿಸಿಕೊಂಡರು. ಗಾಂಜಾ ಬಿಟ್ಟು ನಾಲ್ಕು ವರ್ಷವಾಯಿತು, ಬೀಡಿ ಮಾತ್ರ ಬಿಟ್ಟಿಲ್ಲ. ಬೀಡಿಯ ಹೊಗೆ ಕ್ಲೋಜಪಿನ್, ಒಲಾಂಜಪಿನ್ ಮಾತ್ರೆಗಳ ಬಲವನ್ನು ತಗ್ಗಿಸುತ್ತದೆ. ಅದಕ್ಕೇ ಬೀಡಿ ಹೆಚ್ಚಾದರೂ, ಬಿಟ್ಟರೂ ವೈದ್ಯರಿಗೆ ಹೇಳಬೇಕು.

ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬರೆದುಕೊಳ್ಳುವವರಿಗೆ ಇನ್ನೊಮ್ಮೆ ಹೇಳುತ್ತೇನೆ: ಒಂದು, ನಾಲ್ಕು, ನಾಲ್ಕು, ಒಂದು, ಆರು.