ಸ್ವಯಂಸೇವಕನ ಕೈಗೆ ಬಂದ ಬಂದೂಕು



ಸರ್ವಾಧಿಕಾರದ ಕಾಲದ ಪೊಲೀಸರು ಮತ್ತು ಅರೆಸೇನಾ ಪಡೆಗಳ ಬಗ್ಗೆ ಚರ್ಚಿಸಲು ಬೀದರ ಜಿಲ್ಲೆಯ ಈ ಕಮಲನಗರಕ್ಕಿಂತ ತಕ್ಕ ಜಾಗ ಸಿಗಲಾರದು. ಹಿಟ್ಲರನ ಎಸ್‌ಎಸ್ ಪಡೆಯನ್ನು ನಾವು ಪುಸ್ತಕದಲ್ಲಿ ಓದಿದ್ದೇವೆ. ಹೈದರಾಬಾದ್ ನಿಜಾಮನ ಕಾಲದ ರಜಾಕಾರರ ಹಾವಳಿಯನ್ನು ಮನೆಯ ಹಿರಿಯರ ಬಾಯಿಂದ ಕೇಳಿದ್ದೇವೆ. ನನ್ನ ಮಾತು ಇವೆರಡರ ನಡುವೆ ಓಡಾಡುತ್ತದೆ.

1933ರ ಫೆಬ್ರವರಿಯಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬಂದು ತಿಂಗಳೂ ತುಂಬುವ ಮೊದಲೇ, ಅವನ ಸಚಿವ ಗೋರಿಂಗ್ ಜರ್ಮನಿಯ ಪ್ರಶ್ಯಾದಲ್ಲಿ ಸುಮಾರು 50,000 ಸಹಾಯಕ ಪೊಲೀಸರನ್ನು ನೇಮಿಸಿದ. ಹೆಚ್ಚಿನವರು ನಾಜಿ ಪಕ್ಷದ ಎಸ್‌ಎ, ಎಸ್‌ಎಸ್ ಕಾರ್ಯಕರ್ತರು. ಹಿಂದಿನ ದಿನದವರೆಗೆ ಬೀದಿಯಲ್ಲಿ ಹೊಡೆದಾಡುತ್ತಿದ್ದವರ ತೋಳಿಗೆ ಪಟ್ಟಿ ಬಂತು, ಪಟ್ಟಿಯ ಜೊತೆ ಬಂಧಿಸುವ ಅಧಿಕಾರವೂ ಬಂತು. 1936ರಲ್ಲಿ ಎಸ್‌ಎಸ್ ಮುಖ್ಯಸ್ಥ ಹಿಮ್ಲರ್‌ನೇ ಇಡೀ ದೇಶದ ಪೊಲೀಸ್ ಮುಖ್ಯಸ್ಥನೂ ಆದ. ಮುಂದೆ ಯುದ್ಧ ಬಂದಾಗ ಸಾಮಾನ್ಯ ಪೊಲೀಸರೇ ಕೊಲೆಗಾರರಾದರು. 1942ರ ಜುಲೈ 13ರಂದು ಪೋಲೆಂಡಿನ ಯೂಜೆಫೂವ್‌ನಲ್ಲಿ ಹ್ಯಾಂಬರ್ಗ್‌ನ 101ನೇ ಮೀಸಲು ಪೊಲೀಸ್ ಪಡೆ ಸುಮಾರು 1,500 ಯಹೂದಿಗಳನ್ನು ಗುಂಡಿಟ್ಟು ಕೊಂದಿತು. ಮನಸ್ಸಿಲ್ಲದ ಹಿರಿಯ ವಯಸ್ಸಿನವರು ಹಿಂದೆ ಸರಿಯಬಹುದು ಎಂದು ಪಡೆಯ ಮುಖ್ಯಸ್ಥ ಮೇಜರ್ ಟ್ರಾಪ್ ಮೊದಲೇ ಹೇಳಿದ್ದ. ಸುಮಾರು 500 ಜನರಲ್ಲಿ ಆ ಗಳಿಗೆಗೆ ಸರಿದವರು ಹತ್ತು ಹನ್ನೆರಡು ಮಂದಿ. ಇದನ್ನು ಓದಿದಾಗಲೆಲ್ಲ ನನ್ನ ಎದೆ ನಡುಗುತ್ತದೆ.

ಈಗ ನಮ್ಮ ನೆಲಕ್ಕೆ ಬರೋಣ. ರಜಾಕಾರರ ನಾಯಕ ಕಾಸಿಂ ರಜ್ವಿ ಬಹಳ ದೂರದವನಲ್ಲ, ಲಾತೂರಿನ ವಕೀಲ. ಉದಗೀರ, ನಿಲಂಗಾ, ಅಹಮದಪುರ ಆಗ ಬೀದರ ಜಿಲ್ಲೆಯಲ್ಲೇ ಇದ್ದವು. ಮಜ್ಲಿಸ್ ಪಕ್ಷದ ಸ್ವಯಂಸೇವಕರಾಗಿದ್ದ ರಜಾಕಾರರು ಅವನ ಕೈಕೆಳಗೆ ಬಂದೂಕು ಹಿಡಿದ ಪಡೆಯಾದರು. ಆದರೆ ನಾನು ನಿಮ್ಮ ಗಮನ ಸೆಳೆಯಬಯಸುವುದು ರಜ್ವಿಯ ಭಾಷಣಗಳತ್ತ ಅಲ್ಲ, 1947ರ ಅಕ್ಟೋಬರ್ 27ರ ನಸುಕಿನತ್ತ. ಭಾರತದೊಂದಿಗೆ ಒಪ್ಪಂದಕ್ಕಾಗಿ ದೆಹಲಿಗೆ ಹೊರಟಿದ್ದ ನಿಜಾಮನ ಪ್ರತಿನಿಧಿಗಳ ಮನೆಗಳನ್ನು ಅಂದು ಮಜ್ಲಿಸ್ ಬೆಂಬಲಿಗರ ಗುಂಪು ಮುತ್ತಿತು. ಅದರಲ್ಲಿ ಪ್ರಧಾನಿ ಛತಾರಿ ನವಾಬರ ಮನೆಯೂ ಇತ್ತು. ಪೊಲೀಸರು ತಡೆಯಲಿಲ್ಲ. ನಿಯೋಗ ಹೊರಡಲಿಲ್ಲ, ಛತಾರಿ ರಾಜೀನಾಮೆ ಕೊಟ್ಟರು. ಪ್ರಧಾನಿಯ ಮನೆಬಾಗಿಲಿಗೇ ಬಾರದ ಪೊಲೀಸು ಹಳ್ಳಿಯ ಕುಂಬಾರನ, ಕಿರಾಣಿ ಅಂಗಡಿಯವನ ಮನೆಗೆ ಬಂದೀತೇ? 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಭಾಗದ ಗೋರ್ಟಾದಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಅಲ್ಲಿ ರಜಾಕಾರರ ಕೈಯಲ್ಲಿ ಸತ್ತವರು 200ಕ್ಕೂ ಹೆಚ್ಚು ಎಂದು ಆ ಸೀಮೆಯ ಜನ ಇಂದಿಗೂ ಹೇಳುತ್ತಾರೆ.

ನಿಜಾಮ ಹಿಟ್ಲರ್ ಆಗಿದ್ದ ಎಂದು ನಾನು ಹೇಳುತ್ತಿಲ್ಲ; ಲಕ್ಷಗಟ್ಟಲೆ ಜನರ ಯೋಜಿತ ಸಂಹಾರದ ಜೊತೆ ಇದನ್ನು ತೂಗಿದರೆ ಎರಡೂ ಕಡೆ ಸತ್ತವರಿಗೆ ಅನ್ಯಾಯ. ಹೋಲಿಕೆ ಇರುವುದು ಒಂದೇ ಕಡೆ. ಪಕ್ಷದ ಕಾರ್ಯಕರ್ತನಿಗೆ ಸರ್ಕಾರ ಶಸ್ತ್ರ ಕೊಟ್ಟ ದಿನ, ಅಥವಾ ಅವನ ಕೈಯಲ್ಲಿದ್ದ ಶಸ್ತ್ರವನ್ನು ನೋಡಿಯೂ ನೋಡದಂತೆ ಇದ್ದ ದಿನ, ಪ್ರಜೆಗೆ ದೂರು ಕೊಡಲು ಠಾಣೆ ಉಳಿಯುವುದಿಲ್ಲ. ಇದು ಹಿಂದೂ ಮುಸ್ಲಿಂ ಲೆಕ್ಕವೂ ಅಲ್ಲ. ರಜಾಕಾರ ಪಡೆಯನ್ನು ವಿಸರ್ಜಿಸಿ ಎಂದು ಕೇಳಿದವರಲ್ಲಿ ಮುಸ್ಲಿಂ ಗಣ್ಯರೂ ಇದ್ದರು. ಅಂಥ ದನಿಗೆ ತನ್ನ ‘ಇಮ್ರೋಜ್’ ಪತ್ರಿಕೆಯಲ್ಲಿ ಜಾಗ ಕೊಟ್ಟ ಶೋಯೆಬುಲ್ಲಾ ಖಾನ್‌ನನ್ನು 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಂದರು.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಸೊಲ್ಲಾಪುರದ ಕಡೆಯಿಂದ ಒಳಬಂತು, 17ಕ್ಕೆ ಎಲ್ಲ ಮುಗಿಯಿತು. ನಮ್ಮ ಭಾಷಣಗಳು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತವೆ. ನಿಲ್ಲಬಾರದು. ನಂತರದ ವಾರಗಳಲ್ಲಿ ರಜಾಕಾರರ ಪಾಪಕ್ಕೆ ನಿರಪರಾಧಿ ಮುಸ್ಲಿಮರು ತಲೆ ಕೊಟ್ಟರು. ಭಾರತ ಸರ್ಕಾರವೇ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಹೈದರಾಬಾದ್ ರಾಜ್ಯದಾದ್ಯಂತ ಸತ್ತವರು 27,000ದಿಂದ 40,000 ಎಂದು ಅಂದಾಜಿಸಿತು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಗುಲ್ಬರ್ಗಾ, ನಾಂದೇಡ್ ಜೊತೆ ನಮ್ಮ ಬೀದರವನ್ನೂ ಹೆಸರಿಸಿತು. ಕೆಲವೆಡೆ ಸೇನೆ ಮತ್ತು ಪೊಲೀಸರು ಲೂಟಿಗೆ ಕುಮ್ಮಕ್ಕು ಕೊಟ್ಟರು ಎಂದೂ ಬರೆಯಿತು. ಆ ವರದಿ ದಶಕಗಳ ಕಾಲ ಹೊರಬರಲಿಲ್ಲ. ಗೋರ್ಟಾದಲ್ಲಿ ಸ್ಮಾರಕ ಎದ್ದಿದೆ, ಏಳಲೇಬೇಕಿತ್ತು. ಸೇನೆ ಬಂದ ನಂತರದ ಈ ಎರಡನೆಯ ಸಾವುಗಳಿಗೆ ನಮ್ಮ ಪಾಠಪುಸ್ತಕದಲ್ಲಿ ಒಂದು ಪುಟವಾದರೂ ಬೇಕು.

ಯುವ ಸಂಶೋಧಕರಲ್ಲಿ ನನ್ನ ಕೋರಿಕೆ ಇಷ್ಟು. ನಿಜಾಮ ಆಡಳಿತದ ಕಾಗದಪತ್ರಗಳ ಭಾಷೆ ಉರ್ದು, ಇತ್ತಲಿನ ಹಳ್ಳಿಯ ಎಷ್ಟೋ ದಫ್ತರಗಳು ಮೋಡಿ ಲಿಪಿಯಲ್ಲಿವೆ, ಎರಡನ್ನೂ ಕಲಿಯಿರಿ. ಆ ದಿನಗಳನ್ನು ಕಣ್ಣಾರೆ ಕಂಡವರು ಈಗ ಎಂಬತ್ತು ದಾಟಿದ್ದಾರೆ. ಈ ಸಂಕಿರಣ ಮುಗಿಸಿ ಊರಿಗೆ ಹೋದವರು ಮೊದಲು ಅವರ ಬಳಿ ಕುಳಿತು, ಹಿಂದೂ, ಮುಸ್ಲಿಂ ಎರಡೂ ಓಣಿಗಳಲ್ಲಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ.